ಯುವಜನರ ಕೆಲಸದ ಲೆಕ್ಕ: ಸ್ಟೇಟಸ್ ಕಾಲಂ ತನಕ ಬಂದಿದ್ದೇನೆ

ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಅಂತ ತಿಳಿಯೋಕೆ ಕೇಂದ್ರ ಸರ್ಕಾರ ನಡೆಸುವ ಪಿಎಲ್‌ಎಫ್‌ಎಸ್ ಸರ್ವೆಯ ಮೊದಲ ವರ್ಷದ, ಅಂದರೆ 2017-18ರ ಡೇಟಾ ಫೈಲ್ ಕೊನೆಗೂ ಹತೋಟಿಗೆ ಬಂದಿದೆ. ಒಬ್ಬ ವ್ಯಕ್ತಿಗೆ ಒಂದು ಸಾಲು. ಸಾಲಿನ ತುಂಬ ಬರೀ ಅಂಕಿ, ನಡುವೆ ಕಾಮಾ ಕೂಡ ಇಲ್ಲ. ಜೊತೆಗೆ ಕೊಡುವ ಲೇಔಟ್ ಹಾಳೆ ನೋಡಿಕೊಂಡು, ಎಷ್ಟನೇ ಅಂಕಿಯಿಂದ ಎಷ್ಟನೆಯದರವರೆಗೆ ವಯಸ್ಸು, ಎಲ್ಲಿಂದ ಎಲ್ಲಿಗೆ ಓದು ಅಂತ ಕತ್ತರಿಸಿಕೊಳ್ಳಬೇಕು. ಬೇಜಾರಿನ ಕೆಲಸ, ಆದರೆ ಒಂದೇ ಸಲ.

ಈ ಪ್ರಾಜೆಕ್ಟ್ ಶುರು ಮಾಡಿದ್ದು ಒಂದು ಸಣ್ಣ ಪ್ರಶ್ನೆಗೆ. ನಮ್ಮ ಚಿಕ್ಕಮಗಳೂರು ಕಡೆ 15ರಿಂದ 29 ವರ್ಷದವರಲ್ಲಿ ಎಷ್ಟು ಜನಕ್ಕೆ ಕೆಲಸ ಇದೆ? ಈ ಫೈಲಿನಿಂದ ಜಿಲ್ಲೆ ಮಟ್ಟದ ಉತ್ತರ ತೆಗೆಯುವುದು ಸರಿಯಲ್ಲ, ಮಾದರಿ ಅಷ್ಟು ದೊಡ್ಡದಿಲ್ಲ. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಕೊಡಗು ಇವೆಲ್ಲ ಒಂದೇ ಎನ್‌ಎಸ್‌ಎಸ್ ಪ್ರದೇಶಕ್ಕೆ, ಅಂದರೆ ಸರ್ವೆಗಾಗಿ ಮಾಡಿಕೊಂಡ ಜಿಲ್ಲೆಗಳ ಗುಂಪಿಗೆ, ಬರುತ್ತವೆ. ಸದ್ಯಕ್ಕೆ ಅದನ್ನೇ ಹಿಡಿದಿದ್ದೇನೆ. 2025ರ ಜನವರಿಯಿಂದ ಸರ್ವೆಯ ವಿನ್ಯಾಸ ಬದಲಾಗಿದೆ, ಬಹುತೇಕ ಕಡೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿದ್ದಾರೆ. ಆ ಡೇಟಾ ಕೂತು ನೋಡುವ ಹೊತ್ತಿಗೆ ಕೋಡ್ ಸಿದ್ಧ ಇರಬೇಕು ಅನ್ನೋದೇ ಈಗಿನ ಅವಸರ.

ತೂಕದ ಲೆಕ್ಕ, ಅಂದರೆ ಮಾದರಿಯ ಒಬ್ಬ ವ್ಯಕ್ತಿ ಎಷ್ಟು ಜನರ ಪರವಾಗಿ ನಿಲ್ಲುತ್ತಾನೆ ಅನ್ನೋದು, ಬೇಗ ಮುಗಿಯಿತು. ಎನ್‌ಎಸ್‌ಎಸ್, ಎನ್‌ಎಸ್‌ಸಿ ಅಂತ ಎರಡು ಕಾಲಂ ಇವೆ (ಈ ಎನ್‌ಎಸ್‌ಎಸ್ ಬೇರೆ, ಮೇಲೆ ಹೇಳಿದ ಪ್ರದೇಶದ್ದಲ್ಲ). ಎರಡೂ ಒಂದೇ ಇದ್ದರೆ ಫೈಲಿನಲ್ಲೇ ಕೊಟ್ಟಿರುವ ತೂಕದ ಸಂಖ್ಯೆಯನ್ನು (ಮಲ್ಟಿಪ್ಲೈಯರ್) 100ರಿಂದ ಭಾಗಿಸಬೇಕು, ಬೇರೆ ಬೇರೆ ಇದ್ದರೆ 200ರಿಂದ. ಇದನ್ನು ಬಿಟ್ಟರೆ ಶೇಕಡಾವಾರು ಲೆಕ್ಕವೇ ಅಡ್ಡದಾರಿ ಹಿಡಿಯುತ್ತದೆ.

ಇಷ್ಟು ದಿನ ಹೋಗಿದ್ದೆಲ್ಲ ಸ್ಟೇಟಸ್ ಕಾಲಂಗೇ, ಅಂದರೆ ವ್ಯಕ್ತಿ ಏನು ಮಾಡುತ್ತಿದ್ದಾನೆ ಅನ್ನೋದನ್ನು ಕೋಡ್‌ನಲ್ಲಿ ಹೇಳುವ ಕಾಲಂಗೆ. ಕೋಡ್ ಪಟ್ಟಿ ನೋಡೋಕೆ ಸುಲಭ. 11 ಅಂದರೆ ಸ್ವಂತ ಕೆಲಸ, 21 ಅಂದರೆ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಕೈ ಜೋಡಿಸುವವರು, 31 ಸಂಬಳದವರು, 51 ದಿನಗೂಲಿ. 81 ನಿರುದ್ಯೋಗಿ, 91 ಓದುತ್ತಿರುವವರು, 92 ಮತ್ತು 93 ಮನೆವಾರ್ತೆ ನೋಡಿಕೊಳ್ಳುವವರು. ತೊಡಕು ಇರುವುದು ಯಾವ ಅವಧಿಗೆ ಈ ಕೋಡ್ ಹಾಕುತ್ತಾರೆ ಅನ್ನೋದರಲ್ಲಿ. ಒಂದು ಲೆಕ್ಕ ಹಿಂದಿನ 365 ದಿನದ್ದು, ಇನ್ನೊಂದು ಹಿಂದಿನ 7 ದಿನದ್ದು. 1970ರ ದಂತವಾಲ ಸಮಿತಿ ವರದಿಯಿಂದ ಬಂದ ವ್ಯವಸ್ಥೆ ಇದು. ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಹೇಳೋಕಾಗಲ್ಲ ಅಂತ ಅವರು ಆಗಲೇ ಹೇಳಿದ್ದರು.

ಕಾಗದದ ಮೇಲೆ ಓದಿದರೆ ತಲೆಗೆ ಹೋಗಲಿಲ್ಲ. ಮೂಡಿಗೆರೆ ಕಡೆಯ ಪರಿಚಯದವರ ಮನೆಯಲ್ಲಿ ಪ್ರಶ್ನೆಗಳನ್ನು ಕೇಳಿ ನೋಡಿದೆ. ಹುಡುಗ ಮನೆಯಲ್ಲಿರಲಿಲ್ಲ, ತಾಯಿ ಉತ್ತರ ಕೊಟ್ಟರು. ನಿಜವಾದ ಸರ್ವೆಯಲ್ಲೂ ಎಷ್ಟೋ ಸಲ ಹೀಗೇ, ಒಬ್ಬರ ಬಗ್ಗೆ ಮನೆಯ ಇನ್ನೊಬ್ಬರು ಹೇಳುತ್ತಾರೆ.

"ಮಗ ಏನ್ಮಾಡ್ತಿದ್ದಾನೆ ಅಕ್ಕ?"

"ಏನಿಲ್ಲಪ್ಪ, ಡಿಗ್ರಿ ಮುಗಿಸಿ ಮನೇಲೇ ಇದ್ದಾನೆ."

"ಕಾಫಿ ಕೊಯ್ಲಲ್ಲೂ ಮನೇಲೇ ಇದ್ನಾ?"

"ಓ, ಆವಾಗ ತೋಟಕ್ಕೆ ಹೋಗಿದ್ದ. ಡಿಸೆಂಬರಿಂದ ಫೆಬ್ರವರಿ ತನಕ ರೈಟರ್ ಜೊತೆ ಹಣ್ಣು ತೂಗಿಸೋದು, ಲೆಕ್ಕ ಬರೆಯೋದು. ದಿನಗೂಲಿ ಕೊಡ್ತಿದ್ರು. ಅದೇನ್ ಕೆಲಸನಾ?"

ಕೆಲಸವೇ. ಕೋಡ್ 51. ಮಾರ್ಚ್‌ನಿಂದ ಮೇ, ಮತ್ತೆ ಅಕ್ಟೋಬರ್, ನವೆಂಬರ್ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಾ ಇಂಟರ್‌ವ್ಯೂಗೆ ಓಡಾಡಿದ್ದಾನೆ. ಜೂನ್‌ನಿಂದ ಸೆಪ್ಟೆಂಬರ್? "ಆ ಮಳೇಲಿ ಎಲ್ಲಿಗೆ ಹೋಗ್ತಾನೆ, ಸುಮ್ನೆ ಇದ್ದ."

ಈಗ ಲೆಕ್ಕ ಹಾಕೋಣ. ಕೆಲಸ ಮೂರು ತಿಂಗಳು, ಹುಡುಕಾಟ ಐದು, ಎರಡೂ ಇಲ್ಲದ್ದು ನಾಲ್ಕು. ವರ್ಷದ ಲೆಕ್ಕದಲ್ಲಿ ಮೊದಲು ನೋಡುವುದು ದುಡಿಯುವ ಬಲದ (ಕೆಲಸದಲ್ಲಿರುವವರು, ಕೆಲಸ ಹುಡುಕುತ್ತಿರುವವರು ಇಬ್ಬರೂ ಸೇರಿ) ಒಳಗೆ ಇದ್ದ ಸಮಯ ಜಾಸ್ತಿಯೋ, ಹೊರಗೆ ಇದ್ದದ್ದೋ ಅಂತ. ಎಂಟು ತಿಂಗಳು ಒಳಗೆ, ನಾಲ್ಕು ಹೊರಗೆ. ಒಳಗೆ ಬಂದ. ಆಮೇಲೆ ಆ ಎಂಟರಲ್ಲಿ ಹುಡುಕಾಟ ಐದು, ಕೆಲಸ ಮೂರು. ಹಾಗಾಗಿ ಮುಖ್ಯ ಸ್ಥಿತಿ 81, ನಿರುದ್ಯೋಗಿ. ಆದರೆ ವರ್ಷದಲ್ಲಿ 30 ದಿನ ಅಥವಾ ಅದಕ್ಕಿಂತ ಜಾಸ್ತಿ ಮಾಡಿದ ಕೆಲಸವನ್ನು ಉಪ ಸ್ಥಿತಿ ಅಂತ ಬೇರೆ ಕಾಲಂನಲ್ಲಿ ಬರೆಯುತ್ತಾರೆ. ಅಲ್ಲಿ ಇವನಿಗೆ 51. ಎರಡನ್ನೂ ಸೇರಿಸಿ ನೋಡಿದರೆ ಅವನು ಕೆಲಸದಲ್ಲಿರುವವನು! ಇನ್ನು 7 ದಿನದ ಲೆಕ್ಕದಲ್ಲಿ ಸಮಯ ಯಾವುದಕ್ಕೆ ಜಾಸ್ತಿ ಅಂತ ನೋಡುವುದಿಲ್ಲ, ಕೆಲಸಕ್ಕೇ ಮೊದಲ ಮಣೆ. ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು. ಜನವರಿಯಲ್ಲಿ ಕೇಳಿದರೆ ಕೆಲಸದವನು, ಏಪ್ರಿಲ್‌ನಲ್ಲಿ ಕೇಳಿದರೆ ನಿರುದ್ಯೋಗಿ, ಜುಲೈನಲ್ಲಿ ಕೇಳಿದರೆ ಲೆಕ್ಕದಿಂದಲೇ ಆಚೆ.

ಪೇಪರಿನಲ್ಲಿ ಬರುವ "ಯುವ ನಿರುದ್ಯೋಗ ಇಳಿಯಿತು, ಏರಿತು" ಅನ್ನೋ ಸುದ್ದಿ ಓದುವಾಗ ಈಗ ನಾನು ಮೊದಲು ಹುಡುಕುವುದು ಇದನ್ನೇ, ಯಾವ ಲೆಕ್ಕ ಅಂತ. 2025ರಲ್ಲಿ ಶುರುವಾದ ತಿಂಗಳ ವರದಿ 7 ದಿನದ ಲೆಕ್ಕದ್ದು. 2017-18ರಲ್ಲಿ ಶೇ 17.8, 2023-24ರಲ್ಲಿ ಶೇ 10.2 ಅಂತ ಎಲ್ಲರೂ ಹೇಳುವ ಯುವ ನಿರುದ್ಯೋಗ ದರ ಇಡೀ ವರ್ಷದ, ಮುಖ್ಯ ಮತ್ತು ಉಪ ಸ್ಥಿತಿ ಸೇರಿಸಿದ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಆಡುವವರನ್ನು ಕಂಡರೆ ನಗು ಬರುತ್ತದೆ. ನನ್ನ ಕೋಡ್ ಓಡಿಸಿ ಇಡೀ ದೇಶದ 17.8 ಬಂತು, ವರದಿಗೆ ತಾಳೆ ಆಯಿತು. ಅಲ್ಲಿಗೆ ಅಡಿಪಾಯ ಗಟ್ಟಿ ಅಂತ ಇಟ್ಟುಕೊಂಡಿದ್ದೇನೆ.

ವಯಸ್ಸಿನ ಗೆರೆಯನ್ನೂ ನೋಡಿಕೊಳ್ಳಬೇಕು. ಇಲ್ಲಿ ಯುವಜನ ಅಂದರೆ 15-29, ವಿಶ್ವಸಂಸ್ಥೆಯ ಲೆಕ್ಕದಲ್ಲಿ 15-24. ಡಿಗ್ರಿ ಮುಗಿಸಿ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಾ ಕೂತವರು ನಮ್ಮಲ್ಲಿ 25 ದಾಟಿದ ಮೇಲೂ ಇರುತ್ತಾರೆ ಅಲ್ವಾ? 24ಕ್ಕೆ ಗೆರೆ ಎಳೆದರೆ ಅವರೇ ಮಾಯ.

ಹುಡುಗಿಯರ ಕಡೆ ಇನ್ನೂ ಸರಿಯಾಗಿ ಕೈ ಹಾಕಿಲ್ಲ. ಕೊಪ್ಪದ ಕಡೆ ಮನೆಯ ಅಡಿಕೆ ಸುಲಿದು, ಹಾಲು ಕರೆದು ಡೇರಿಗೆ ಹಾಕುವ ಹುಡುಗಿಗೆ 21 ಸಿಗಬೇಕು. ಮನೆಯವರು "ಮನೆಕೆಲಸ" ಅಂದುಬಿಟ್ಟು, ಕೇಳುವವರು ಇನ್ನೊಂದು ಪ್ರಶ್ನೆ ಕೇಳದಿದ್ದರೆ 92 ಬೀಳುತ್ತದೆ. 92 ಬಿದ್ದರೆ ಅವಳು ಕೆಲಸದವಳೂ ಅಲ್ಲ, ನಿರುದ್ಯೋಗಿಯೂ ಅಲ್ಲ. ನಿರುದ್ಯೋಗ ದರದಲ್ಲಿ ಅವಳು ಕೆಳಗೂ ಇಲ್ಲ, ಮೇಲೂ ಇಲ್ಲ, ಯಾಕೆಂದರೆ ಆ ದರದ ಛೇದಕ್ಕೆ, ಅಂದರೆ ಕೆಳಗಿನ ಸಂಖ್ಯೆಗೆ, ತೆಗೆದುಕೊಳ್ಳುವುದು ದುಡಿಯುವ ಬಲವನ್ನು ಮಾತ್ರ. ಅದಕ್ಕೇ ಮುಂದಿನ ಕಾಲಂ ಓದು, ಕೆಲಸ, ತರಬೇತಿ ಮೂರೂ ಇಲ್ಲದವರದ್ದು. ಸ್ಟೇಟಸ್ ಜೊತೆ ಶಾಲೆ-ಕಾಲೇಜು ಹಾಜರಾತಿಯ ಕಾಲಂ, ತರಬೇತಿ ಕಾಲಂ ಜೋಡಿಸಬೇಕು. ಗಂಡು ಹೆಣ್ಣು ಬೇರೆ ಮಾಡಿ, 92, 93 ಅನ್ನು 81ರ ಜೊತೆ ಬೆರೆಸದೆ ಕೋಷ್ಟಕ ಹಾಕುತ್ತೇನೆ.