ಕತ್ತರಿಸದೆ ನೋಡುವ ಕಣ್ಣು

ಬರ್ಲಿನ್‌ನ ವೆಡಿಂಗ್ ಬಡಾವಣೆಯಲ್ಲಿ ನಮ್ಮ ಮನೆಗೆ ಹತ್ತಿರವೇ ಒಂದು ಹಳೆಯ ಚಿತಾಗಾರವಿದೆ. ಈಗ ಅಲ್ಲಿ ಹೆಣ ಸುಡುವುದಿಲ್ಲ; ಸಂಗೀತ, ಸಿನಿಮಾ, ಕಾಫಿ. ಅದೇ ಆವರಣದಲ್ಲಿ ಹರೂನ್ ಫರೋಕಿ ಎಂಬ ಜರ್ಮನ್ ಸಿನಿಮಾ ನಿರ್ದೇಶಕರ ಹೆಸರಿನ ಸಂಸ್ಥೆಯೂ ಇದೆ. ಹೆಸರು ಕೇಳಿ ನಮ್ಮ ಕಡೆಯವರೇ ಇರಬೇಕು ಅಂದುಕೊಂಡೆ. ಅರ್ಧ ನಿಜ. ತಂದೆ ಭಾರತದಿಂದ ಬಂದ ವೈದ್ಯರು, ತಾಯಿ ಜರ್ಮನ್. ಹುಟ್ಟಿದ್ದು 1944ರಲ್ಲಿ, ಬಾಲ್ಯದ ಕೆಲವು ವರ್ಷ ಕಳೆದದ್ದು ಭಾರತ, ಇಂಡೊನೇಷ್ಯಾಗಳಲ್ಲಿ.

1966ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಸಿನಿಮಾ ಶಾಲೆಯ ಮೊದಲ ತಂಡದಲ್ಲಿ ಅವರಿದ್ದರು. 1968ರ ವಿದ್ಯಾರ್ಥಿ ಚಳವಳಿಯ ಕಾವಿನಲ್ಲಿ ಶಾಲೆ ಅವರನ್ನು ಹೊರಹಾಕಿತು. ಮರುವರ್ಷ ‘ಆರಿಸಲಾಗದ ಬೆಂಕಿ’ ಎಂಬ ಕಪ್ಪುಬಿಳುಪು ಚಿತ್ರ ಮಾಡಿದರು. ಕೋಟು ತೊಟ್ಟ ಫರೋಕಿ ಮೇಜಿನ ಮುಂದೆ ಕುಳಿತು, ಮೈಗೆ ಅಂಟಿ ಉರಿಯುವ ನೇಪಾಮ್ ಬಾಂಬಿನ ದಾಳಿಗೆ ಸಿಕ್ಕ ವಿಯೆಟ್ನಾಮಿನವನೊಬ್ಬನ ಹೇಳಿಕೆಯನ್ನು ವಾರ್ತೆ ಓದಿದಂತೆ ಓದುತ್ತಾರೆ. ಆಮೇಲೆ ನಮ್ಮತ್ತ ನೋಡಿ ಹೇಳುತ್ತಾರೆ: ಸುಟ್ಟ ಮೈಗಳ ಚಿತ್ರ ತೋರಿಸಿದರೆ ನೀವು ಮೊದಲು ಚಿತ್ರಕ್ಕೆ ಕಣ್ಣು ಮುಚ್ಚುತ್ತೀರಿ, ನಂತರ ನೆನಪಿಗೆ, ಆಮೇಲೆ ಸತ್ಯಕ್ಕೆ, ಕೊನೆಗೆ ಇಡೀ ಸಂದರ್ಭಕ್ಕೇ. ಅಷ್ಟು ಹೇಳಿ, ಉರಿಯುವ ಸಿಗರೇಟನ್ನು ತಮ್ಮ ಮುಂಗೈಗೆ ಒತ್ತಿಕೊಳ್ಳುತ್ತಾರೆ. ಸಿಗರೇಟಿನ ಕಾವು 400 ಡಿಗ್ರಿ, ನೇಪಾಮಿನದು 3,000 ಎಂದು ಹಿನ್ನೆಲೆಯ ದನಿ ಲೆಕ್ಕ ಕೊಡುತ್ತದೆ. ನಾನು ಆ ಕ್ಷಣ ಬೇರೆಡೆ ನೋಡಿದೆ. ಅವರು ಹೇಳಿದ್ದೂ ಅದನ್ನೇ.

ಇಂಥ ಸಿನಿಮಾ ಹೊಟ್ಟೆ ತುಂಬಿಸುತ್ತದೆಯೇ? ಟಿವಿಗೆ ಕೆಲಸ ಮಾಡಿದರು, ಹತ್ತು ವರ್ಷ ‘ಫಿಲ್ಮ್‌ಕ್ರಿಟಿಕ್’ ಪತ್ರಿಕೆಯ ಸಂಪಾದಕರಲ್ಲೊಬ್ಬರಾಗಿದ್ದರು, ಪಾಠ ಹೇಳಿದರು. 90ರ ದಶಕದ ನಡುವಿನಿಂದ ಅವರ ಕೆಲಸ ಚಿತ್ರಮಂದಿರದಿಂದ ಕಲಾ ಸಂಗ್ರಹಾಲಯಗಳತ್ತ ಸರಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕೊನೆಯ ವರ್ಷಗಳ ಕೆಲಸ. 2011ರಿಂದ ಪತ್ನಿ ಆಂಟ್ಯೆ ಏಮಾನ್ ಜೊತೆ ಹದಿನೈದು ನಗರಗಳಲ್ಲಿ ಕಾರ್ಯಾಗಾರ ನಡೆಸಿದರು. ನಮ್ಮ ಬೆಂಗಳೂರೂ ಅದರಲ್ಲಿ ಒಂದು. ನಿಯಮ ಸರಳ: ಯಾವುದಾದರೊಂದು ದುಡಿಮೆ, ಒಂದೆರಡು ನಿಮಿಷ, ಒಂದೇ ಶಾಟ್, ಎಲ್ಲಿಯೂ ಕತ್ತರಿ ಆಡುವಂತಿಲ್ಲ. ಸಿನಿಮಾದ ಆದಿಯಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರಲ್ಲಿ ಕಾರ್ಖಾನೆಯ ಬಾಗಿಲಲ್ಲಿ ಕ್ಯಾಮೆರಾ ಇಟ್ಟ ಹಾಗೆ. ಯೋಜನೆಯ ಜರ್ಮನ್ ಹೆಸರಿನಲ್ಲಿ ‘ಐನ್‌ಶ್ಟೆಲ್ಲುಂಗ್’ ಎಂಬ ಪದವಿದೆ. ಅದಕ್ಕೆ ಸಿನಿಮಾದ ಶಾಟ್ ಎಂದೂ ಅರ್ಥ, ಮನೋಭಾವ ಎಂದೂ ಅರ್ಥ, ಕೆಲಸಕ್ಕೆ ಸೇರಿಸಿಕೊಳ್ಳುವುದು ಎಂದೂ ಅರ್ಥ. ಅರ್ಜಿ ಹಾಕಿ ಹಾಕಿ ಸುಸ್ತಾಗಿದ್ದ ನನಗೆ ಮೂರನೆಯದು ಮಾತ್ರ ಗೊತ್ತಿತ್ತು. ಫರೋಕಿ 2014ರಲ್ಲಿ ತೀರಿಕೊಂಡರು.

ಕಳೆದ ಬಾರಿ ಊರಿಗೆ ಬಂದಾಗ ನಾನೂ ಒಂದು ಕೈ ನೋಡಿದೆ. ಅಮ್ಮ ಜಗುಲಿಯ ಮೇಲೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಳು. ಮೊಬೈಲ್ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಬೆರಳುಗಳು ಎಷ್ಟು ಚುರುಕೆಂದರೆ ಗಂಟು ಬಿದ್ದದ್ದೇ ತಿಳಿಯದು. ಮೂವತ್ತು ವರ್ಷ ಕಂಡಿದ್ದೇನೆ, ನೋಡಿರಲಿಲ್ಲ. ಐವತ್ತನೆಯ ಸೆಕೆಂಡಿಗೆ ಅಮ್ಮ ತಲೆ ಎತ್ತದೆಯೇ, “ನಿಂತುಕೊಂಡು ಏನು ನೋಡುತ್ತೀಯೋ, ಆ ಬಾಳೆನಾರು ಇತ್ತ ಕೊಡು” ಎಂದಳು. ಚಿತ್ರ ಅಲ್ಲಾಡಿ, ನನ್ನ ಕಾಲು, ನೆಲ, ಬಾಳೆನಾರಿನ ಸುರುಳಿ ಎಲ್ಲವೂ ಅದರಲ್ಲಿ ಬಂದಿವೆ. ಕತ್ತರಿಸುವ ಹಾಗಿಲ್ಲವಲ್ಲ, ಹಾಗೆಯೇ ಇಟ್ಟುಕೊಂಡಿದ್ದೇನೆ.