ಮನೆಗಳ ಅಡಿಯಲ್ಲಿ ಸಿಕ್ಕ ರಂಗಮಂದಿರ

ಸ್ಪೇನ್‌ಗೆ ಹೋದವರು ಬಾರ್ಸಿಲೋನಾ, ಮ್ಯಾಡ್ರಿಡ್ ನೋಡಿ ವಾಪಸ್ ಬರುವುದೇ ಜಾಸ್ತಿ. ನಾವು ತೆಂಕಣ ಕರಾವಳಿಯ ಕಾರ್ತಾಹೇನಾಗೆ ಬಸ್ ಹಿಡಿದದ್ದು ಅಲ್ಲಿನ ರೋಮನ್ ರಂಗಮಂದಿರಕ್ಕಾಗಿಯೇ.

ಊರ ನಡುವೆ, ಬಂದರಿನ ಪಕ್ಕದಲ್ಲೇ ಇದೆ. ಆದರೂ 1988ರವರೆಗೆ ಯಾರಿಗೂ ಗೊತ್ತಿರಲಿಲ್ಲ! ಹಳೇ ಬಂಗಲೆಯೊಂದನ್ನು ಕೆಡವಿ ಹೊಸ ಕಟ್ಟಡಕ್ಕೆ ಅಗೆಯುವಾಗ ರೋಮನ್ನರ ಕಲ್ಲುಗಳು ಎದ್ದುಬಂದವು. ಕ್ರಿಸ್ತಪೂರ್ವ 5ರಿಂದ 1ರ ನಡುವೆ, ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿದ್ದು. ಆರು ಸಾವಿರ ಜನ ಕೂರಬಹುದಿತ್ತಂತೆ. ಅಷ್ಟು ದೊಡ್ಡದು ಮುಚ್ಚಿಹೋಗಿದ್ದಾದರೂ ಹೇಗೆ? ಐದನೇ ಶತಮಾನದಲ್ಲಿ ಅದರ ಮೇಲೆ ಮಾರುಕಟ್ಟೆ ಎದ್ದಿತು. ಆಮೇಲೆ ಬೈಜಾಂಟೈನರ (ಪೂರ್ವ ರೋಮನ್ ಸಾಮ್ರಾಜ್ಯದವರ) ಕೇರಿ, ಚರ್ಚು, ಬೀದಿ, ಮನೆಗಳು. ಮಾರುಕಟ್ಟೆ ಕಟ್ಟಿದವರು ಕಲ್ಲಿಗಾಗಿ ಅಲೆಯಲಿಲ್ಲ. ರಂಗಮಂದಿರದ ಕಂಬಗಳನ್ನೂ ಅವುಗಳ ತಲೆಯ ಮೇಲೆ ಕೂರುವ ಕೆತ್ತನೆಯ ಕಲ್ಲುಗಳಾದ ಬೋದಿಗೆಗಳನ್ನೂ ಕಿತ್ತು ಬಳಸಿಕೊಂಡರು. ಬುದ್ಧಿವಂತರು, ಅಲ್ವಾ?

ಟೌನ್ ಹಾಲ್ ಎದುರಿನ ಮ್ಯೂಸಿಯಂನಿಂದ ಒಳಗೆ ಹೋಗಬೇಕು. ವಾಸ್ತುಶಿಲ್ಪಿ ರಫಾಯೆಲ್ ಮೊನೇಯೊ ವಿನ್ಯಾಸ ಮಾಡಿದ್ದು, 2008ರಲ್ಲಿ ತೆರೆಯಿತು. ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟದ್ದು ಅಲ್ಲಿನ ಮೂರು ದುಂಡನೆಯ ಪೂಜಾಪೀಠಗಳು. ಜೂಪಿಟರ್, ಜೂನೋ, ಮಿನರ್ವಾ ದೇವತೆಗಳವು. ನಮ್ಮ ದೇವರುಗಳ ವಾಹನದ ಹಾಗೆ ಅವರಿಗೂ ಒಂದೊಂದು ಹಕ್ಕಿ: ಹದ್ದು, ನವಿಲು, ಗೂಬೆ. ನಮ್ಮೂರಲ್ಲಿ ಗೂಬೆ ಕೂಗಿದರೆ ಅಪಶಕುನ. ಅಲ್ಲಿ ಅದು ವಿದ್ಯೆಯ ದೇವತೆಯ ಹಕ್ಕಿ! ಪಕ್ಕದಲ್ಲಿ ಅಮೃತಶಿಲೆಯ ಬೋದಿಗೆಗಳು. ಎಲೆಗಳ ಅಂಚು ಎಷ್ಟು ಚೂಪಾಗಿದೆಯೆಂದರೆ ಮೊನ್ನೆ ಉಳಿ ಇಳಿಸಿದಂತಿದೆ. ಇಷ್ಟು ಕಾಲ ಮಣ್ಣಿನಡಿ ಇದ್ದದ್ದೇ ಅವುಗಳ ಪುಣ್ಯ ಅನ್ನಿಸಿತು.

ಅಲ್ಲಿಂದ ಹಳೇ ಚರ್ಚಿನ ಅಡಿಯ ಸುರಂಗದಲ್ಲಿ ನಡೆಯಬೇಕು. ಮಂದ ಬೆಳಕು, ಇಕ್ಕೆಲದಲ್ಲಿ ಅಗೆದ ಗೋಡೆಗಳು. ಸುರಂಗ ಮುಗಿದದ್ದೇ ತಡ, ಬಿಸಿಲಲ್ಲಿ ಇಡೀ ರಂಗಮಂದಿರ ಎದುರಾಗುತ್ತದೆ. ನಾವು ಹೊರಬರುವುದು ಪ್ರೇಕ್ಷಕರು ಕೂರುತ್ತಿದ್ದ ಮೆಟ್ಟಿಲುಗಳ ಮೇಲ್ಭಾಗದಲ್ಲಿ. ಕೆಳಗೆ ವೇದಿಕೆ, ಅದರ ಹಿಂದೆ ಮತ್ತೆ ನಿಲ್ಲಿಸಿದ ಕೆಂಬಣ್ಣದ ಕಂಬಗಳು. ನಡುವಿನ ಮೆಟ್ಟಿಲುಗಳನ್ನು ಗುಡ್ಡದ ಬಂಡೆಯಲ್ಲೇ ಕಡಿದಿದ್ದಾರೆ. ಗಣ್ಯರು ವೇದಿಕೆಯ ಹತ್ತಿರ, ಸಾಮಾನ್ಯರು ಮೇಲೆ. ಆಗಲೂ ವಿಐಪಿ ಸಾಲು ತಪ್ಪಿದ್ದಲ್ಲ. ಪಕ್ಕದಲ್ಲೇ ಪಾಳುಬಿದ್ದ ಚರ್ಚು ಕುಕ್ಕರಿಸಿದೆ. ಅದನ್ನು ಕೆಡವದೆ ಹಾಗೇ ಉಳಿಸಿದ್ದು ನನಗೆ ಹಿಡಿಸಿತು.

ನೆರಳು ಕಡಿಮೆ, ಬೇಸಿಗೆಯಲ್ಲಿ ಹೋಗುವವರು ಟೋಪಿ ಮರೆಯಬೇಡಿ. ಹಿಂದಿನ ಗುಡ್ಡದ ಪಾರ್ಕಿನಿಂದ ರಂಗಮಂದಿರ, ಬಂದರು ಎರಡೂ ಕಾಣುತ್ತವೆ, ಟಿಕೆಟ್ ಬೇಕಿಲ್ಲ. ಆದರೆ ಸುಮ್ನೆ ಮೇಲಿನಿಂದ ಫೋಟೋ ಹೊಡೆದು ಬಂದರೆ ಆ ಸುರಂಗವೂ ಬೋದಿಗೆಗಳೂ ತಪ್ಪಿಹೋಗುತ್ತವೆ.