ನೂರು ವರ್ಷ ಆರದ ಪ್ರಾರ್ಥನೆ

ಆಗಸ್ಟ್ 13 ಬಹುತೇಕ ಸಭೆಗಳ ಕ್ಯಾಲೆಂಡರಿನಲ್ಲಿ ಸಾಮಾನ್ಯ ದಿನ. ಕ್ರಿಸ್ಮಸ್, ಈಸ್ಟರ್, ಪಂಚಾಶತ್ತಮ ಹಬ್ಬಗಳನ್ನು ತಪ್ಪದೆ ಆಚರಿಸುವ ವಿಶ್ವಾಸಿಗಳಲ್ಲೂ ಅನೇಕರಿಗೆ ಅದರ ಪರಿಚಯವಿಲ್ಲ. ಮೊರಾವಿಯನ್ ಸಭೆ ಎಂಬ ಹಳೆಯ ಪ್ರೊಟೆಸ್ಟಂಟ್ ಪಂಗಡದವರು ಮಾತ್ರ ಪ್ರತಿವರ್ಷ ಆ ದಿನವನ್ನು ನೆನೆದು ಕರ್ತನ ಮೇಜಿಗೆ ಬರುತ್ತಾರೆ. ನಾನು ಆ ಸಭೆಗೆ ಸೇರಿದವನಲ್ಲ. ಆದರೂ ಆ ತಾರೀಕು ಸಮೀಪಿಸಿತೆಂದರೆ 1727ರ ಒಂದು ಬುಧವಾರ ನನ್ನ ಪ್ರಾರ್ಥನೆಯೊಳಗೆ ತಾನಾಗಿ ಬಂದು ಸೇರುತ್ತದೆ. ಜರ್ಮನಿಯ ಸ್ಯಾಕ್ಸನಿ ಸೀಮೆಯ ಹೆರ್ನ್‌ಹುಟ್ ಎಂಬ ಹೊಸ ಹಳ್ಳಿಯ ಜನ ಅಂದು ಪಕ್ಕದ ಬೆರ್ಥೆಲ್ಸ್‌ಡಾರ್ಫ್ ದೇವಾಲಯಕ್ಕೆ ನಡೆದುಹೋಗಿ ಕರ್ತನ ಭೋಜನದಲ್ಲಿ ಪಾಲುಗೊಂಡರು. ಹೋದವರಲ್ಲಿ ಎಷ್ಟೋ ಮಂದಿ ಕೆಲವೇ ತಿಂಗಳ ಹಿಂದೆ ಪರಸ್ಪರ ಮುಖ ನೋಡಲೂ ಒಲ್ಲದವರಾಗಿದ್ದರು.

ಉಜ್ಜೀವನ, ಅಂದರೆ ಸಭೆಯಲ್ಲಿ ವಿಶ್ವಾಸ ಹೊಸದಾಗಿ ಹೊತ್ತಿಕೊಳ್ಳುವುದು, ಎಂದೊಡನೆ ನಮ್ಮ ನಾಲಿಗೆಗೆ ಬರುವುದು ಬೋಧಕರ ಹೆಸರುಗಳು: ವೆಸ್ಲಿ, ವೈಟ್‌ಫೀಲ್ಡ್, ಮೂಡಿ, ಇವಾನ್ ರಾಬರ್ಟ್ಸ್. ಹೆರ್ನ್‌ಹುಟ್ಟಿನ ಮಾತು ಬಂದರೆ ಆ ಜಮೀನಿನ ಒಡೆಯರಾಗಿದ್ದ ಕೌಂಟ್ ಝಿನ್ಜೆನ್‌ಡಾರ್ಫ್. ಈ ದೊಡ್ಡವರನ್ನು ನಾನು ಗೌರವಿಸುತ್ತೇನೆ. ಆದರೆ ಆ ಹಳ್ಳಿಯ ಚರಿತ್ರೆಯನ್ನು ಓದಿದಷ್ಟೂ ನನ್ನ ಮನಸ್ಸು ನಿಲ್ಲುವುದು ಒಬ್ಬ ಬಡಗಿಯ ಬಳಿ, ತಾಯಿಯನ್ನು ಕಳೆದುಕೊಂಡ ಒಬ್ಬ ಹುಡುಗಿಯ ಬಳಿ, ಒಬ್ಬ ಕುಂಬಾರನ ಬಳಿ, ದಾಸ್ಯದಿಂದ ಬಂದ ಒಬ್ಬ ಆಳಿನ ಬಳಿ. ಕರ್ತನು ಹೊತ್ತಿಸಿದ್ದನ್ನು ಆರಗೊಡದೆ ಹೊತ್ತು ನಡೆದವರು ಇವರು.

ಬಡಗಿಯ ಹೆಸರು ಕ್ರಿಶ್ಚಿಯನ್ ಡೇವಿಡ್. ಇಂದಿನ ಚೆಕ್ ದೇಶದ ಮೊರಾವಿಯ ಸೀಮೆಯ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಮಂದೆ ಕಾಯ್ದು, ಆಮೇಲೆ ಮರಗೆಲಸ ಕಲಿತವರು. ಬೈಬಲ್ ಅವರ ಕೈಗೆ ಬಂದದ್ದು ಪ್ರಾಯಕ್ಕೆ ಬಂದ ನಂತರ. ಅವರ ಸೀಮೆಯಲ್ಲಿ ಒಂದು ಹಳೆಯ ಗಾಯವಿತ್ತು. ಚೆಕ್ ಸುಧಾರಕ ಯಾನ್ ಹುಸ್‌ನ ಮಾರ್ಗ ಹಿಡಿದವರು 1457ರಲ್ಲಿ ಕಟ್ಟಿಕೊಂಡಿದ್ದ ಸಹೋದರರ ಸಭೆ, 1620ರ ಯುದ್ಧದಲ್ಲಿ ಪ್ರೊಟೆಸ್ಟಂಟರು ಸೋತ ಮೇಲೆ ನೆಲಕಚ್ಚಿತ್ತು. ಅದರ ಬಿಷಪ್ ಕೊಮೆನಿಯಸ್ ಪರದೇಶಿಯಾಗಿ ಅಲೆದು, ಬೀಜ ಮಣ್ಣಿನಡಿಯಲ್ಲಾದರೂ ಉಳಿಯಲಿ ಎಂದು ಬೇಡುತ್ತ 1670ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡರು. ಆ ಬೀಜ ಉಳಿದಿತ್ತು. ಮನೆಗಳ ಒಳಕೋಣೆಗಳಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ಹಳೆಯ ಹಾಡುಗಳನ್ನು ಕಲಿಸುತ್ತಲೇ ಇದ್ದರು. ಡೇವಿಡ್ ಅವರು ಅಂಥ ಮನೆಗಳ ಬಾಗಿಲು ತಟ್ಟಿದರು. 1722ರಲ್ಲಿ ಮೊದಲ ಕುಟುಂಬಗಳನ್ನು ರಾತ್ರೋರಾತ್ರಿ ಗಡಿ ದಾಟಿಸಿ ಝಿನ್ಜೆನ್‌ಡಾರ್ಫ್ ಅವರ ಜಮೀನಿಗೆ ಕರೆತಂದರು. ಜೂನ್ 17ರಂದು ಅಲ್ಲಿನ ಕಾಡಿನಲ್ಲಿ ಮೊದಲ ಮರಕ್ಕೆ ಕೊಡಲಿ ಹಾಕಿದಾಗ, ಗುಬ್ಬಿಗೆ ಮನೆ ಸಿಕ್ಕಿತು ಎಂಬ 84ನೇ ಕೀರ್ತನೆಯ ಮಾತನ್ನು ಹೇಳಿದರಂತೆ. ಮನೆ, ಹೊಲ, ಬಂಧುಗಳನ್ನು ಬಿಟ್ಟುಬಂದ ಜನರ ಎದುರು ಆ ವಾಕ್ಯ ಹೇಗೆ ಕೇಳಿಸಿರಬೇಕು! ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಸಿಕ್ಕಿಬಿದ್ದರೆ ಸೆರೆಮನೆ ಎಂದು ತಿಳಿದೂ ಮತ್ತೆ ಮತ್ತೆ ಗಡಿ ದಾಟಿ ಇನ್ನಷ್ಟು ಮಂದಿಯನ್ನು ಕರೆತಂದರು.

ಐದು ವರ್ಷದಲ್ಲಿ ಹಳ್ಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನರಾದರು. ಜನ ಹೆಚ್ಚಿದಂತೆ ಜಗಳವೂ ಹೆಚ್ಚಿತು. ಲೂಥರನ್ನರು, ರಿಫಾರ್ಮ್ಡ್ ಸಭೆಯವರು, ಹಳೆಯ ಸಹೋದರರು, ಪ್ರತಿಯೊಬ್ಬರಿಗೂ ತಮ್ಮದೇ ಸರಿ. ಕ್ರೂಗರ್ ಎಂಬುವನೊಬ್ಬ ಬಂದು, ಕೌಂಟರೇ ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ಬರುವ ದೇವವಿರೋಧಿ ಮೃಗ, ಸಭಾಪಾಲಕ ರೋತೆಯೇ ಸುಳ್ಳು ಪ್ರವಾದಿ ಎಂದು ಸಾರಿದ. ಅದನ್ನು ನಂಬಿದವರಲ್ಲಿ ಕ್ರಿಶ್ಚಿಯನ್ ಡೇವಿಡ್ ಕೂಡ ಇದ್ದರು! ಮೊದಲ ಮರ ಕಡಿದವರೇ ಹಳ್ಳಿಯ ಹೊರಗೆ ಬೇರೆ ಗುಡಿಸಲು ಕಟ್ಟಿಕೊಂಡು ಕುಳಿತರು. ಸಭೆಯ ಚರಿತ್ರೆ ಬರೆಯುವ ಕೆಲವರು ಇದನ್ನು ಮೆಲ್ಲಗೆ ದಾಟಿಹೋಗುತ್ತಾರೆ. ನನಗೆ ಇದು ದಾಟಿಹೋಗುವ ವಿಷಯವಲ್ಲ. ವಿಶ್ವಾಸಕ್ಕಾಗಿ ಸರ್ವಸ್ವ ಬಿಟ್ಟುಬಂದವರೂ ಒಂದೇ ಬಾವಿಯ ನೀರು ಕುಡಿಯುತ್ತ ಮಾತು ಬಿಡಬಲ್ಲರು. ನಮ್ಮ ಸಭೆಗಳ ಒಡಕನ್ನು ನೋಡಿ ಇನ್ನು ಇಲ್ಲಿ ಏನೂ ಆಗದು ಎಂದು ನಿಟ್ಟುಸಿರಿಡುವವರು 1727ರ ಮೊದಲ ತಿಂಗಳುಗಳ ಹೆರ್ನ್‌ಹುಟ್ಟನ್ನು ಒಮ್ಮೆ ನೋಡಬೇಕು.

ಝಿನ್ಜೆನ್‌ಡಾರ್ಫ್ ಆಸ್ಥಾನದ ಕೆಲಸವನ್ನು ಬದಿಗಿಟ್ಟು ಬಂದರು. ಮನೆಮನೆಗೆ ಹೋದರು, ಕುಳಿತು ಕೇಳಿದರು, ಅತ್ತರು. ಮೇ 12ರಂದು ಎಲ್ಲರೂ ಒಂದು ಒಡಂಬಡಿಕೆಗೆ ಕೈಕೊಟ್ಟು ಹನ್ನೆರಡು ಮಂದಿ ಹಿರಿಯರನ್ನು ಆರಿಸಿದರು. ಬೇಸಿಗೆಯುದ್ದಕ್ಕೂ ರಾತ್ರಿ ಪ್ರಾರ್ಥನೆಗಳು ನಡೆದವು. ಮೇ ತಿಂಗಳಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಹನ್ನೊಂದು ವರ್ಷದ ಸುಸಾನಾ ಕ್ಯೂನೆಲ್ ಒಬ್ಬಳೇ ಕುಳಿತು ಪ್ರಾರ್ಥಿಸತೊಡಗಿದ್ದಳು. ತಾಯಿ ಸಾವಿನ ಹಾಸಿಗೆಯಲ್ಲೂ ಸಂತೋಷದಿಂದಿದ್ದುದನ್ನು ಅವಳು ಕಂಡಿದ್ದಳು. ಆ ಸಂತೋಷ ಎಲ್ಲಿಂದ ಬಂತೆಂದು ತಿಳಿಯದೆ ಅವಳಿಗೆ ನೆಮ್ಮದಿಯಿರಲಿಲ್ಲ. ಆಗಸ್ಟಿನಲ್ಲಿ ಒಂದು ರಾತ್ರಿ ಅವಳ ಹೃದಯ ತುಂಬಿಬಂತು. ತಾನು ದೇವರ ಮಗುವಾದೆನೆಂದು, ಅಮ್ಮನಿಗೆ ಹೇಗನಿಸಿತ್ತೆಂದು ಈಗ ತಿಳಿಯಿತೆಂದು ತಂದೆಗೆ ಹೇಳಿದಳು. ಅವಳಿಂದ ಉಳಿದ ಮಕ್ಕಳಿಗೂ ಅದು ಹಬ್ಬಿತು. ಮೊರಾವಿಯನ್ ಸಭೆಗಳು ಇಂದಿಗೂ ಆಗಸ್ಟ್ 17ನ್ನು ಮಕ್ಕಳ ಹಬ್ಬವಾಗಿ ಆಚರಿಸಲು ಈ ಹುಡುಗಿ ಮತ್ತು ಅವಳ ಜೊತೆಯವರೇ ಕಾರಣ.

ಆಗಸ್ಟ್ 13ರ ಆರಾಧನೆಯಲ್ಲಿ ಯಾರು ಏನು ಬೋಧಿಸಿದರು ಎಂಬುದು ದೊಡ್ಡ ಸಂಗತಿಯಾಗಿ ಉಳಿದಿಲ್ಲ. ಉಳಿದದ್ದು ಇಷ್ಟು: ದಾರಿಯಲ್ಲಿ ನಡೆಯುತ್ತಲೇ ಜನ ಒಬ್ಬರಲ್ಲೊಬ್ಬರು ಕ್ಷಮೆ ಕೇಳಿದರು; ಇಬ್ಬರು ಹುಡುಗಿಯರನ್ನು ಸಭೆಯ ಭೋಜನಕ್ಕೆ ಸೇರಿಸಿಕೊಂಡರು; ಹಾಡು ಅಳುವಿನಲ್ಲಿ ಮುಳುಗಿತು; ರೊಟ್ಟಿ ಮುರಿಯುವಾಗ ಪವಿತ್ರಾತ್ಮನು ಅವರ ಮೇಲೆ ಇಳಿದನು. ಆರಾಧನೆ ಮುಗಿದರೂ ಬಿಟ್ಟುಹೋಗಲು ಮನಸ್ಸಿಲ್ಲದೆ ಜನ ಗುಂಪುಗುಂಪಾಗಿ ನಿಂತೇ ಇದ್ದಾಗ ಝಿನ್ಜೆನ್‌ಡಾರ್ಫ್ ತಮ್ಮ ಮನೆಯ ಅಡಿಗೆಮನೆಯಿಂದ ಊಟ ಕಳುಹಿಸಿದರು. ಮೊರಾವಿಯನ್ನರ ಪ್ರೀತಿಭೋಜನ ಹುಟ್ಟಿದ್ದು ಆ ಊಟದಿಂದ. ನಿನ್ನೆಯವರೆಗೆ ಮೃಗ ಎನಿಸಿಕೊಂಡಿದ್ದವರ ಮನೆಯ ಅನ್ನವನ್ನು, ಹಾಗೆ ಕರೆದವರೇ ಹಂಚಿಕೊಂಡು ಉಂಡರು.

ಕ್ರಿಶ್ಚಿಯನ್ ಡೇವಿಡ್ ಅಂದು ಅಲ್ಲಿರಲಿಲ್ಲ. ಮನಸ್ಸು ತಿರುಗಿ ಸಹೋದರರೊಂದಿಗೆ ಒಂದಾಗಿದ್ದ ಅವರು ದೂರದ ಸೊರಾವು ಪಟ್ಟಣದ ಅನಾಥಾಲಯಕ್ಕೆ ಹೋಗಿದ್ದರು. ಅದೇ ಹೊತ್ತಿನಲ್ಲಿ ಅವರಿಗೂ ಜೊತೆಗಾರರಿಗೂ ಪ್ರಾರ್ಥಿಸಲೇಬೇಕೆಂಬ ಒತ್ತಾಯ ಉಂಟಾಯಿತೆಂದೂ, ಮರಳಿದ ಕೂಡಲೇ ಆ ದಿನ ಬೆಳಿಗ್ಗೆ ಇಲ್ಲಿ ಏನಾಯಿತು ಎಂದು ಕೇಳಿದರೆಂದೂ ಆ ಸಭೆಯವರು ಹೇಳುತ್ತ ಬಂದಿದ್ದಾರೆ. ನಾನು ಅದನ್ನು ನಂಬುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ದಿನದ ಸಂಭ್ರಮವಾಗುತ್ತಿತ್ತು. ಎರಡು ವಾರದ ನಂತರ, ಆಗಸ್ಟ್ 27ರಂದು, ಆ ಹಳ್ಳಿಯವರು ಒಂದು ವ್ರತ ಹಿಡಿದರು. ಯಜ್ಞವೇದಿಯ ಮೇಲಿನ ಬೆಂಕಿ ಸದಾ ಉರಿಯುತ್ತಿರಬೇಕು, ಆರಬಾರದು ಎಂದು ಬೈಬಲಿನ ಯಾಜಕಕಾಂಡ ಹೇಳುತ್ತದೆ. ಹಾಗಾದರೆ ಪ್ರಾರ್ಥನೆ ಏಕೆ ಆರಬೇಕು? ಇಪ್ಪತ್ತನಾಲ್ಕು ಮಂದಿ ಗಂಡಸರು, ಇಪ್ಪತ್ತನಾಲ್ಕು ಮಂದಿ ಹೆಂಗಸರು ಚೀಟಿ ಎತ್ತಿ ದಿನದ ಗಂಟೆಗಳನ್ನು ಹಂಚಿಕೊಂಡರು. ತಮ್ಮ ಪಾಳಿಯ ಗಂಟೆಯಲ್ಲಿ ಒಬ್ಬ ಗಂಡಸು ತಾನಿರುವಲ್ಲಿ, ಒಬ್ಬ ಹೆಂಗಸು ತಾನಿರುವಲ್ಲಿ ದೇವರ ಮುಂದೆ ನಿಲ್ಲುವುದು. ವಾರಕ್ಕೊಮ್ಮೆ ಸೇರಿ, ಯಾರಿಗಾಗಿ ಬೇಡಬೇಕೆಂದು ದೂರದೂರದ ಸುದ್ದಿಗಳನ್ನು ಕೇಳಿಕೊಳ್ಳುವುದು. ನಾವು ಉಪವಾಸ ಕೂಟಗಳಲ್ಲಿ ಮಾಡುವ ಸರಪಳಿ ಪ್ರಾರ್ಥನೆ ಒಂದು ರಾತ್ರಿಗೋ ಮೂರು ದಿನಕ್ಕೋ ಮುಗಿಯುತ್ತದೆ. ಇದು ನೂರು ವರ್ಷಕ್ಕೂ ಮೀರಿ ನಡೆಯಿತು. ಮೊದಲು ಚೀಟಿ ಎತ್ತಿದವರಲ್ಲಿ ಒಬ್ಬರೂ ಅದರ ಕೊನೆಯನ್ನು ಕಾಣಲಿಲ್ಲ. ರಾತ್ರಿ ಎರಡರ ಪಾಳಿ ಬಿದ್ದ ನೇಕಾರನೋ ಚಾಕು ಮಾಡುವವನೋ ಹಗಲೆಲ್ಲ ದುಡಿದು ಮಲಗಿ, ಆ ಹೊತ್ತಿಗೆ ಎದ್ದು, ತಾನೆಂದೂ ನೋಡದ ದೇಶದ ಜನರಿಗಾಗಿ ಬೇಡಿದ. ಗಂಟೆ ಮುಗಿದಾಗ ಇನ್ನೊಬ್ಬ ಎದ್ದಿದ್ದ.

ಇಂಥ ಪ್ರಾರ್ಥನೆ ಮನೆಯೊಳಗೇ ಉಳಿಯುವುದಿಲ್ಲ. 1730ರಲ್ಲಿ ಹದಿನಾಲ್ಕೇ ವರ್ಷದ ಅನ್ನಾ ನಿಟ್ಶ್‌ಮನ್ ಎಂಬ ಹುಡುಗಿ, ಮೊರಾವಿಯದಲ್ಲಿ ದನ ಕಾಯ್ದವಳು, ದೇವರ ಚಿತ್ತ ತಿಳಿಯಲು ಎತ್ತುತ್ತಿದ್ದ ಚೀಟಿಯ ಮೂಲಕ ಸಹೋದರಿಯರ ಹಿರಿಯಳಾದಳು. ಮರುವರ್ಷ ಆಂಟನಿ ಉಲ್ರಿಕ್ ಎಂಬ ಆಫ್ರಿಕನ್ ಮೂಲದ ಸೇವಕ ಹೆರ್ನ್‌ಹುಟ್ಟಿಗೆ ಬಂದರು. ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ ದಾಸರಾಗಿದ್ದವರು. ಅಲ್ಲಿರುವ ತನ್ನ ಅಕ್ಕತಂಗಿ, ಅಣ್ಣತಮ್ಮಂದಿರು ದೇವರನ್ನು ತಿಳಿಯಲು ಹಂಬಲಿಸುತ್ತಿದ್ದಾರೆ, ಹೇಳುವವರಿಲ್ಲ ಎಂದರು. ಆ ಮಾತು ಲಿಯೊನಾರ್ಡ್ ಡೋಬರ್ ಎಂಬ ಯುವ ಕುಂಬಾರರ ನಿದ್ದೆ ಕೆಡಿಸಿತು. ಒಂದು ವರ್ಷ ಕಾದ ಮೇಲೆ ಅವರಿಗೆ ಬಂದ ಚೀಟಿಯಲ್ಲಿ, ಹುಡುಗನು ಹೋಗಲಿ, ಕರ್ತನು ಅವನ ಸಂಗಡ ಇದ್ದಾನೆ ಎಂದಿತ್ತು. 1732ರ ಆಗಸ್ಟ್ 21ರಂದು ಅವರೂ ಬಡಗಿ ಡೇವಿಡ್ ನಿಟ್ಶ್‌ಮನ್ ಅವರೂ ಹೊರಟರು. ಡಿಸೆಂಬರಿನಲ್ಲಿ ದ್ವೀಪ ಮುಟ್ಟಿದರು.

ಇವರಿಬ್ಬರೂ ತಮ್ಮನ್ನೇ ದಾಸರಾಗಿ ಮಾರಿಕೊಂಡರು ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿಬರುತ್ತದೆ. ಹಾಗಾಗಲಿಲ್ಲ. ಬೇಕಾದರೆ ದಾಸರಾಗುತ್ತೇವೆ ಎಂಬ ಮನಸ್ಸಿನಿಂದಲೇ ಹೊರಟಿದ್ದರು. ಆದರೆ ಬಿಳಿಯರನ್ನು ಅಲ್ಲಿ ದಾಸರಾಗಿ ಕೊಳ್ಳುತ್ತಿರಲಿಲ್ಲ. ನಿಟ್ಶ್‌ಮನ್ ಮರಗೆಲಸ ಮಾಡಿ ಹೊಟ್ಟೆ ಹೊರೆದರು. ಡೋಬರ್ ಅವರ ಕುಂಬಾರಿಕೆ ಅಲ್ಲಿ ನಡೆಯಲಿಲ್ಲ. ಇನ್ನೂ ನೋವಿನ ಸತ್ಯವೊಂದಿದೆ: ಮುಂದೆ ಅದೇ ಮಿಷನ್ ಅಲ್ಲಿ ತೋಟ ಕೊಂಡು ದಾಸರನ್ನೂ ಇಟ್ಟುಕೊಂಡಿತು. ಸತ್ಯವೇ ಆದ ಕರ್ತನನ್ನು ಸ್ತುತಿಸುವವರು ಕಟ್ಟುಕಥೆಯನ್ನು ಸೇರಿಸಲೂಬಾರದು, ಪಾಪವನ್ನು ಮುಚ್ಚಲೂಬಾರದು.

ಆ ದ್ವೀಪದಲ್ಲಿ ನನ್ನ ಹೃದಯವನ್ನು ಹಿಡಿದು ನಿಲ್ಲಿಸುವವರು ರೆಬೆಕ್ಕಾ. 1718ರಲ್ಲಿ ಆಂಟಿಗುವಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಸೇಂಟ್ ಥಾಮಸ್‌ಗೆ ಮಾರಾಟವಾಗಿ, ಓದು ಕಲಿತು, ಬಿಡುಗಡೆ ಪಡೆದವರು. ತಾವು ಸ್ವತಂತ್ರರಾದ ಮೇಲೆ ದಾಸರ ಬಿಡಾರಗಳ ಕಡೆಗೇ ಮುಖ ಮಾಡಿದರು. ಕಬ್ಬಿನ ತೋಟಗಳಲ್ಲಿ ಕೆಲಸ ಮುಗಿಯುವುದು ಕತ್ತಲಾದ ಮೇಲೆ. ಆ ಹೊತ್ತಿಗೆ ಗುಡ್ಡದ ದಾರಿಗಳಲ್ಲಿ ನಡೆದುಹೋಗಿ ಹೆಂಗಸರಿಗೆ ಯೇಸುವಿನ ಕಥೆ ಹೇಳುತ್ತಿದ್ದರು. ತೋಟದ ಒಡೆಯರು ಸಹಿಸಲಿಲ್ಲ. ಮಿಷನರಿ ಫ್ರೊಯಿಂಡ್ಲಿಕ್ ಅವರನ್ನು ಮದುವೆಯಾದದ್ದೂ ಅವರ ಕಣ್ಣಿಗೆ ಅಪರಾಧವಾಯಿತು. 1738ರಲ್ಲಿ ಗಂಡಹೆಂಡಿರಿಬ್ಬರೂ ಸೆರೆ ಸೇರಿದರು. ಮರಳಿ ದಾಸ್ಯಕ್ಕೆ ತಳ್ಳುವ ಬೆದರಿಕೆಯೂ ಬಂತು. ರೆಬೆಕ್ಕಾ ಅಲುಗಲಿಲ್ಲ. 1739ರ ಜನವರಿಯಲ್ಲಿ ಝಿನ್ಜೆನ್‌ಡಾರ್ಫ್ ದ್ವೀಪಕ್ಕೆ ಬಂದ ಮೇಲೆ ಬಿಡುಗಡೆಯಾಯಿತು. ಸೆರೆಯಲ್ಲಿದ್ದ ಆ ತಿಂಗಳುಗಳಲ್ಲಿ ಹೆರ್ನ್‌ಹುಟ್ಟಿನ ಪಾಳಿ ಒಂದು ಗಂಟೆಯೂ ನಿಂತಿರಲಿಲ್ಲ ಎಂದು ನೆನೆದಾಗ, ಸೆರೆಮನೆಯಲ್ಲಿ ಪೇತ್ರನಿರಲು ಸಭೆಯು ಆಸಕ್ತಿಯಿಂದ ಪ್ರಾರ್ಥಿಸುತ್ತಿದ್ದ ಪ್ರಸಂಗ ನನ್ನ ಕಣ್ಣೆದುರು ಮತ್ತೆ ನಡೆಯುತ್ತದೆ. ರೆಬೆಕ್ಕಾ ಮುಂದೆ ಸಭಾಸೇವಕಿಯಾಗಿ ನೇಮಕಗೊಂಡು, 1780ರಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ತೀರಿಕೊಂಡರು.

ರೆಬೆಕ್ಕಾ ಸೆರೆ ಸೇರಿದ ಅದೇ 1738ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದ ಜಾನ್ ವೆಸ್ಲಿ ಹೆರ್ನ್‌ಹುಟ್ಟಿಗೆ ಬಂದು, ಕ್ರಿಶ್ಚಿಯನ್ ಡೇವಿಡ್ ಅವರ ಬೋಧನೆಯನ್ನು ಒಂದಲ್ಲ, ಹಲವು ಸಲ ಕೇಳಿ, ಅವರ ಜೀವನದ ಸಾಕ್ಷಿಯನ್ನು ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ಆ ಹೊತ್ತಿಗೆ ಬಡಗಿ ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಸೇವೆ ಮಾಡಿ ಬಂದಾಗಿತ್ತು.

ಈ ಸಲ ನಮ್ಮ ಪ್ರಾರ್ಥನಾ ಗುಂಪಿನಲ್ಲಿ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಆಗಸ್ಟ್ 13ರೊಳಗೆ ಪ್ರತಿಯೊಬ್ಬರೂ ತಾವು ಮಾತು ಬಿಟ್ಟಿರುವವರ ಮನೆಗೆ ಹೋಗಿ ಬರುವುದು. 27ರಂದು ಚೀಟಿ ಎತ್ತಿ ಗಂಟೆಗಳನ್ನು ಹಂಚಿಕೊಳ್ಳುವುದು. ಇಪ್ಪತ್ತನಾಲ್ಕು ಗಂಟೆಗೆ ನಾವು ಸಾಲುವುದಿಲ್ಲ, ಹಾಗಾಗಿ ಸದ್ಯಕ್ಕೆ ಸಂಜೆಯಿಂದ ಬೆಳಗಿನವರೆಗೆ ಎಂದು ನಿಶ್ಚಯಿಸಿದ್ದೇವೆ. ಕರ್ತನೇ, ಬೆಳಗಿನ ಜಾವ ಮೂರರ ಚೀಟಿ ನನ್ನ ಕೈಗೆ ಬಂದರೆ ಆ ಹೊತ್ತಿಗೆ ನೀನೇ ನನ್ನನ್ನು ಎಬ್ಬಿಸು. ನಾನು ಯಾರಿಗಾಗಿ ಬೇಡಬೇಕೋ ಅವರ ಹೆಸರನ್ನೂ ನೀನೇ ಕೊಡು. ಆಮೆನ್.